ಎರಡು ಪೆಟ್ಟಿಗೆಗಳ ನಡುವಿನ ದನಿ

ಧ್ವನಿವರ್ಧಕ ಎಂಬ ಮಾತನ್ನು ನಾವು ಬಹಳ ಉದಾರವಾಗಿ ಬಳಸುತ್ತೇವೆ. ಮದುವೆ ಮನೆಯ ತೆಂಗಿನಮರಕ್ಕೆ ಕಟ್ಟಿದ ತುತ್ತೂರಿಯೂ ಧ್ವನಿವರ್ಧಕವೇ, ಅದಕ್ಕೆ ಶಕ್ತಿಯೂಡುವ ತಿರುಪುಗಳ ಪೆಟ್ಟಿಗೆಯೂ ಧ್ವನಿವರ್ಧಕವೇ. ಭಾಷಣಕಾರನ ಮುಂದೆ ನಿಲ್ಲಿಸಿದ ಮೈಕನ್ನು ಕೂಡ ಧ್ವನಿವರ್ಧಕವೆಂದು ಕರೆದುಬಿಡುವವರಿದ್ದಾರೆ. ಶಾಸ್ತ್ರವಾಗಿ ನೋಡಿದರೆ ಈ ಮೂರರಲ್ಲಿ ವರ್ಧಿಸುವ ಕೆಲಸ ನಡುವಿನ ಪೆಟ್ಟಿಗೆಯದು ಮಾತ್ರ. ಮೈಕು ದನಿಯನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಸ್ಪೀಕರು ವಿದ್ಯುತ್ತನ್ನು ತಿರುಗಿ ದನಿಯಾಗಿ ಮಾರ್ಪಡಿಸುತ್ತದೆ. ಎರಡೂ ಅನುವಾದಕರು, ಆ ಅನುವಾದದಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎಂಬುದೇ ಮನೆಯೊಳಗಿನ ಸಂಗೀತದ ಚರಿತ್ರೆಯೆಲ್ಲ. ಕಾವ್ಯಮೀಮಾಂಸೆ ಓದಿದವರಿಗೆ ಧ್ವನಿ ಎಂದೊಡನೆ ಆನಂದವರ್ಧನ ನೆನಪಾಗುತ್ತಾನೆ. ಗಂಟೆಯನ್ನು ಬಾರಿಸಿದ ಮೇಲೆ ಉಳಿಯುವ ಅನುರಣನವನ್ನು ಆ ಸಂಪ್ರದಾಯದವರು ವ್ಯಂಗ್ಯಾರ್ಥಕ್ಕೆ ಹೋಲಿಸಿದರು. ಆ ಅನುರಣನ ಪೆಟ್ಟಿಗೆಯಿಂದ ಬರುವುದೋ, ಕೋಣೆಯಿಂದ ಬರುವುದೋ, ಕೇಳುವವನ ಒಳಗಿನಿಂದ ಬರುವುದೋ ಎಂಬುದು ನಮ್ಮ ಇಂದಿನ ವಿಷಯಕ್ಕೂ ಹೊರತಾದ ಪ್ರಶ್ನೆಯಲ್ಲ.

ಸ್ಟೀರಿಯೋ ಎಂಬ ಇನ್ನೊಂದು ಮಾತಿದೆ. ಎರಡು ಪೆಟ್ಟಿಗೆಗಳಿದ್ದರೆ ಸ್ಟೀರಿಯೋ ಎಂದು ಜನ ತಿಳಿದಿದ್ದಾರೆ. ಗ್ರೀಕ್ ಮೂಲದ ಆ ಶಬ್ದದಲ್ಲಿ ಎರಡು ಎಂಬ ಅರ್ಥವೇ ಇಲ್ಲ. ಘನವಾದದ್ದು, ಉದ್ದ ಅಗಲಗಳ ಜೊತೆಗೆ ಆಳವೂ ಉಳ್ಳದ್ದು ಎಂಬುದು ಅದರ ಅರ್ಥ. ಎರಡು ಪೆಟ್ಟಿಗೆ ಸಾಧನ, ಘನತೆ ಸಾಧ್ಯ. ಸಾಧನವನ್ನೇ ಸಾಧ್ಯವೆಂದು ತಿಳಿದುದರಿಂದ ಎಷ್ಟು ಮನೆಗಳಲ್ಲಿ ಎಷ್ಟು ಸಂಗೀತ ಹಾಳಾಯಿತೆಂಬುದನ್ನು ಹೇಳುವುದೂ ನನ್ನ ಉದ್ದೇಶಗಳಲ್ಲೊಂದು.

ಈ ಮಾತುಗಳನ್ನು ಆಡುವಾಗ ನನ್ನ ಮನಸ್ಸಿನಲ್ಲಿರುವ ಊರು ಗೋವಿನಕೋವಿ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಕಡೆಗೆ ಹರಿದುಬರುವ ಸೀಮೆಯದು. ಬಹುಕಾಲ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ಆ ತಾಲ್ಲೂಕು ಹೊಸದಾದ ದಾವಣಗೆರೆ ಜಿಲ್ಲೆಗೆ ಹೋಯಿತು. ಈಗ ಊರು ನ್ಯಾಮತಿ ತಾಲ್ಲೂಕಿನಲ್ಲಿದೆ. ಕೋವಿ ಎಂದರೆ ಇಂದು ನಮಗೆ ಬಂದೂಕು. ಆದರೆ ಶಬ್ದದ ಹಳೆಯ ಅರ್ಥ ನಳಿಗೆ, ಒಳಗೆ ಟೊಳ್ಳಾದ ಕೊಳವೆ. ಊರ ಹೆಸರಿಗೆ ಈ ಅರ್ಥವನ್ನು ಕಟ್ಟಿ ನಿರುಕ್ತ ಹೇಳುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ; ಊರ ಹೆಸರುಗಳು ವೈಯಾಕರಣರ ಮಾತನ್ನು ಕೇಳುವುದು ಕಡಿಮೆ. ಆದರೂ ನಮ್ಮ ಮನೆಗಳಿಗೆ ಯಂತ್ರದ ದನಿ ಮೊದಲು ಬಂದದ್ದು ಒಂದು ಕೋವಿಯ ಮೂಲಕವೇ ಎಂಬುದನ್ನು ಹೇಳದೆ ಇರಲಾರೆ. ಗ್ರಾಮಾಫೋನಿನ ಹಿತ್ತಾಳೆಯ ಕಹಳೆ ಒಂದು ಕಡೆ ಸೂಜಿಯ ಮೊನೆಯಷ್ಟು ಕಿರಿದಾಗಿ, ಇನ್ನೊಂದು ಕಡೆ ದತ್ತೂರಿ ಹೂವಿನಂತೆ ಅರಳಿದ ನಳಿಗೆಯಲ್ಲದೆ ಬೇರೇನು?

ಆ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಕೀಲಿ ಕೊಟ್ಟರೆ ತಟ್ಟೆ ತಿರುಗುತ್ತಿತ್ತು. ಮುದ್ರಿಸುವಾಗಲೂ ಅಷ್ಟೆ, ಹಾಡುವವರು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ತಟ್ಟೆಗಳು ತಯಾರಾಗಬೇಕಾಗಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಇದು ಎಂದು ತಿಳಿಯಲೆಂದು ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕಲ್ಕತ್ತೆಯಲ್ಲಿಯೇ ತಟ್ಟೆ ಒತ್ತುವ ಕಾರ್ಖಾನೆ ಬಂದದ್ದು 1908ರಲ್ಲಿ. ಈ ಗೌಹರ್ ಜಾನ್ ನಮಗೆ ದೂರದವಳಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇರೆಗೆ 1928ರಲ್ಲಿ ಮೈಸೂರಿಗೆ ಬಂದು ಆಸ್ಥಾನದ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯ ಮತ್ತೊಬ್ಬ ಕಲಾವಿದರು ದನಿ ಸಾಲದೆಂಬ ಕೊರತೆಯನ್ನು ಬೇರೆ ದಾರಿಯಿಂದ ನೀಗಲು ಹೊರಟಿದ್ದರು. ತಿರುಮಕೂಡಲು ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳುತ್ತಿರಲಿಲ್ಲ. ಮೈಕು ಇನ್ನೂ ಕಚೇರಿಯ ವೇದಿಕೆಗೆ ಬಂದಿರದ ಕಾಲ. ಚೌಡಯ್ಯನವರು 1927ರ ಸುಮಾರಿಗೆ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರಾದರೂ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನ ಆ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ವಿದ್ಯುತ್ತಿನ ಸಹಾಯವಿಲ್ಲದೆ ಕನ್ನಡ ನಾಡು ಕಂಡುಕೊಂಡ ಧ್ವನಿವರ್ಧಕ ಅದು ಎಂದರೆ ತಪ್ಪಾಗದು. ಮತ್ತು ಈ ಹೆಸರಿಗೆ ನಿಜವಾಗಿ ಅರ್ಹವಾದದ್ದು ಅದೇ.

ಇಂದು ನಾವು ಸ್ಪೀಕರು ಎಂದು ಕರೆಯುವ ವಸ್ತು ತನ್ನ ಈಗಿನ ರೂಪಕ್ಕೆ ಬಂದದ್ದು 1925ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರ ಕೈಯಲ್ಲಿ. ಕಾಗದದ ಒಂದು ಶಂಕು, ಅದರ ಕುತ್ತಿಗೆಗೆ ಸುತ್ತಿದ ಸಣ್ಣ ತಂತಿಯ ಸುರುಳಿ, ಸುರುಳಿಯನ್ನು ಬಳಸಿದ ಅಯಸ್ಕಾಂತ. ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಶಂಕು ಮುಂದಕ್ಕೆ ನೂಕುತ್ತದೆ, ಇನ್ನೊಂದು ದಿಕ್ಕಿಗೆ ಹರಿದರೆ ಹಿಂದಕ್ಕೆ ಸೇದುತ್ತದೆ. ನೂರು ವರ್ಷಗಳಲ್ಲಿ ಕಾಗದದ ಬದಲು ಬೇರೆ ವಸ್ತುಗಳು ಬಂದಿರಬಹುದು, ತತ್ತ್ವ ಬದಲಾಗಿಲ್ಲ. ಮುಂದಕ್ಕೆ, ಹಿಂದಕ್ಕೆ ಎಂಬ ಈ ಎರಡು ಮಾತುಗಳನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅವುಗಳ ಮೇಲೆ ನಿಂತಿದೆ.

1935ರ ಸೆಪ್ಟೆಂಬರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರೇಷಕ ಯಂತ್ರದಿಂದ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಇಡೀ ದೇಶದ ಬಾನುಲಿ ಅದನ್ನು ತನ್ನದಾಗಿಸಿಕೊಂಡದ್ದು ಎರಡು ದಶಕಗಳ ಅನಂತರ. ಮೂವತ್ತು ವಾಟ್ ಎಂದರೆ ಒಂದು ಮಂದವಾದ ದೀಪದ ಶಕ್ತಿ. ಇಂದು ಹಬ್ಬದ ಗಾಡಿಯ ಮೇಲೆ ಸಾವಿರ ವಾಟಿನ ಪೆಟ್ಟಿಗೆಗಳನ್ನು ಪೇರಿಸುವ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆ ದೀಪದ ಬೆಳಕಿನಲ್ಲಿ ಕನ್ನಡದ ದೊಡ್ಡ ದೊಡ್ಡ ಕವಿಗಳು ಮಾತನಾಡಿದರು.

ಇಲ್ಲಿಂದ ಅರಮನೆಗೆ ಬರೋಣ. ಕನ್ನಡ ನಾಡಿನಲ್ಲಿ ಮನೆಯೊಳಗೆ ಸ್ಪೀಕರುಗಳನ್ನು ಇಟ್ಟುಕೊಂಡು, ಇದರ ದನಿಗೂ ಅದರ ದನಿಗೂ ಏನು ಭೇದವೆಂದು ಕುಳಿತು ಕೇಳಿದ ಮೊದಲಿಗರಲ್ಲಿ ಜಯಚಾಮರಾಜ ಒಡೆಯರನ್ನು ಹೆಸರಿಸಲೇಬೇಕು. ವಾಗ್ಗೇಯಕಾರರಾಗಿ ಅವರನ್ನು ನಾವು ಬಲ್ಲೆವು. ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ಸಂಗ್ರಾಹಕರಾಗಿ ಅವರನ್ನು ಹೊರಗಿನವರು ಬಲ್ಲಷ್ಟು ನಾವು ಬಲ್ಲೆವೆ? ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಆ ಕಾಲದ ಅಂದಾಜು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ 1940ರ ದಶಕದ ಕೊನೆಯಲ್ಲಿ ಮೈಸೂರಿಗೆ ಬಂದು, ಅರಮನೆಯಲ್ಲಿ ತಾನು ಕಂಡ ಧ್ವನಿಮುದ್ರಿಕೆಗಳ ಭಂಡಾರವನ್ನೂ ಬಗೆಬಗೆಯ ಸ್ಪೀಕರುಗಳ ಸಾಲನ್ನೂ ಪಿಯಾನೋಗಳನ್ನೂ ಬೆರಗಿನಿಂದ ನೆನೆದಿದ್ದಾನೆ. ಅವನ ವಾದ್ಯವೃಂದಕ್ಕೆ ಮಹಾರಾಜರು ಧನಸಹಾಯ ಮಾಡಿದರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ಸಂಗೀತರಚಕ ಕಾಯಿಲೆಯಿಂದ ಕೃಶನಾಗಿದ್ದಾಗ ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರೂ ಇವರೇ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಸಭೆಯಲ್ಲಿ ಕೇಳಿಬಂದಾಗ, ಆ ಕಾರ್ಯಕ್ರಮಕ್ಕೆ ಹಣದ ಭರವಸೆ ನೀಡಿದ್ದವರು ಮೈಸೂರಿನ ಅರಸರು. ಅವರು ಅಲ್ಲಿ ಹಾಜರಿರಲಿಲ್ಲ. ಹಾಡನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡಬೇಕೆಂಬುದಷ್ಟೇ ಅವರ ಅಪೇಕ್ಷೆ. ತಮ್ಮ ದುಡ್ಡಿನ ಕಚೇರಿಯನ್ನು ಸಾವಿರಾರು ಮೈಲಿ ದೂರದಲ್ಲಿ, ತಮ್ಮ ಕೋಣೆಯಲ್ಲಿ, ಕಾಗದದ ಶಂಕುವಿನ ಬಾಯಿಂದ ಕೇಳಲು ಒಪ್ಪಿದ ಅರಸರಿಗೆ ಆ ಶಂಕುವಿನ ಮೇಲೆ ಎಷ್ಟು ನಂಬಿಕೆ ಇದ್ದಿರಬೇಕು!

ಇಷ್ಟಾದರೂ ಅಂದು ಅರಮನೆಯ ಸಾಲು ಸಾಲು ಸ್ಪೀಕರುಗಳಿಂದ ಬಂದದ್ದು ಒಂಟಿ ದನಿಯೇ. ಸ್ಟೀರಿಯೋ ತಟ್ಟೆ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ.

ಎರಡು ಕಿವಿಗಳಿಗೆ ಎರಡು ದಾರಿ ಎಂಬ ಯೋಚನೆ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರ್ ಎಂಬಾತ ಒಪೆರಾದ ರಂಗದ ಎಡಕ್ಕೂ ಬಲಕ್ಕೂ ಬೇರೆ ಬೇರೆ ಟೆಲಿಫೋನುಗಳನ್ನಿಟ್ಟು, ಪ್ರದರ್ಶನದ ಕೋಣೆಯಲ್ಲಿ ಕುಳಿತವರ ಎರಡು ಕಿವಿಗಳಿಗೂ ಎರಡು ಕೇಳುಗೊಳವೆಗಳನ್ನು ಕೊಟ್ಟ. ನಟರು ರಂಗದ ಮೇಲೆ ಅತ್ತಿಂದಿತ್ತ ನಡೆದುದು ಕಿವಿಗೆ ಕಂಡಿತು. ಅನಂತರ ಐವತ್ತು ವರ್ಷ ಅದು ಆಟಿಕೆಯಾಗಿಯೇ ಉಳಿಯಿತು. ಅದನ್ನು ಶಾಸ್ತ್ರವನ್ನಾಗಿ ಮಾಡಿದವನು ಇಂಗ್ಲೆಂಡಿನ ಆಲನ್ ಬ್ಲುಮ್‌ಲೈನ್. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದವನು, ಪರದೆಯ ಒಂದು ಅಂಚಿನಲ್ಲಿ ನಿಂತ ನಟನ ಮಾತು ಮತ್ತೆಲ್ಲಿಂದಲೋ ಬರುವುದನ್ನು ಕಂಡು ಇದಕ್ಕೊಂದು ಉಪಾಯ ನನ್ನಲ್ಲಿದೆ ಎಂದನಂತೆ. 1931ರ ಡಿಸೆಂಬರಿನಲ್ಲಿ ಸಲ್ಲಿಸಿದ ಅವನ ಪೇಟೆಂಟು ಎರಡು ದನಿಗಳನ್ನು ಒಂದೇ ಗೀರಿನಲ್ಲಿ ಕೊರೆಯುವ ವಿಧಾನವನ್ನೂ ಒಳಗೊಂಡಿತ್ತು. ಗೀರಿನ ಅಡ್ಡಕೊಯ್ತ ವಿ ಅಕ್ಷರದಂತೆ. ಒಂದು ಗೋಡೆಯ ಮೇಲೆ ಎಡದ ದನಿ, ಇನ್ನೊಂದರ ಮೇಲೆ ಬಲದ ದನಿ. ಲೋಕ ಇದಕ್ಕೆ ಸಿದ್ಧವಾಗಿರಲಿಲ್ಲ. ಬ್ಲುಮ್‌ಲೈನ್ 1942ರ ಜೂನಿನಲ್ಲಿ, ಯುದ್ಧದ ಕಾಲಕ್ಕೆ, ರಾಡಾರ್ ಪರೀಕ್ಷಿಸುತ್ತಿದ್ದ ವಿಮಾನ ಬಿದ್ದು ಸತ್ತ. ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅದೇ ತತ್ತ್ವದ ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ.

ಈ ವಿದ್ಯೆಯ ಗುಟ್ಟು ಪೆಟ್ಟಿಗೆಯಲ್ಲಿಲ್ಲ, ನಮ್ಮ ತಲೆಯಲ್ಲಿದೆ. ಬಲಗಡೆಯಿಂದ ಬಂದ ದನಿ ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ತಡವಾಗಿ, ತಲೆಯ ಮರೆಯಿಂದಾಗಿ ತುಸು ಮಂಕಾಗಿ ಮುಟ್ಟುತ್ತದೆ. ಅಷ್ಟರಿಂದಲೇ ನಾವು ಕತ್ತಲೆಯಲ್ಲಿ ಕರೆದವರ ಕಡೆಗೆ ತಿರುಗುತ್ತೇವೆ. ಎರಡು ಪೆಟ್ಟಿಗೆಗಳಿಂದ ಒಂದೇ ದನಿ ಒಂದೇ ಪ್ರಮಾಣದಲ್ಲಿ ಒಂದೇ ಕ್ಷಣಕ್ಕೆ ಬಂದರೆ ಮನಸ್ಸು ಮೋಸಹೋಗಿ, ಹಾಡುಗಾರ ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತಿದ್ದಾನೆಂದು ನಂಬುತ್ತದೆ. ಆದರೆ ಈ ಮೋಸಕ್ಕೆ ಒಂದು ಕರಾರು ಉಂಟು. ಕೇಳುವವನು ಎರಡು ಪೆಟ್ಟಿಗೆಗಳಿಂದಲೂ ಸಮದೂರದಲ್ಲಿರಬೇಕು. ಪೆಟ್ಟಿಗೆಗಳೂ ಅವನೂ ಸೇರಿ ಸಮಬಾಹು ತ್ರಿಕೋನದ ಮೂರು ಮೂಲೆಗಳಾದರೆ ಉತ್ತಮ. ಒಂದು ಮೊಳ ಪಕ್ಕಕ್ಕೆ ಸರಿದರೆ ಹಾಡುಗಾರ ಹತ್ತಿರದ ಪೆಟ್ಟಿಗೆಯೊಳಗೆ ಹೋಗಿ ಕುಳಿತುಬಿಡುತ್ತಾನೆ. ಅಂದರೆ ಸ್ಟೀರಿಯೋ ಒಂದು ಕುರ್ಚಿಯ ಸಂಗೀತ. ಅದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದುದು ಸಂಜೆ ಕೆಲಸದಿಂದ ಬಂದು ಬಾಗಿಲು ಮುಚ್ಚಿಕೊಂಡು ಒಬ್ಬನೇ ಕುಳಿತುಕೊಳ್ಳಬಲ್ಲ ಒಬ್ಬ ಮನುಷ್ಯ.

ಗೋವಿನಕೋವಿಯಂಥ ಊರಿನಲ್ಲಿ ಕೇಳುವ ರೀತಿ ಇದಕ್ಕೆ ತೀರ ಬೇರೆ. 1950ರ ದಶಕದಲ್ಲಿ ಸಮುದಾಯ ಶ್ರವಣಕ್ಕೆಂದು ಹಳ್ಳಿಗಳಿಗೆ ರೇಡಿಯೋ ಹಂಚುವ ಯೋಜನೆ ದೇಶದಲ್ಲೆಲ್ಲ ನಡೆಯಿತು. 1956ರಲ್ಲಿ ಪುಣೆಯ ಸುತ್ತಿನ 150 ಹಳ್ಳಿಗಳಲ್ಲಿ ರೈತರು ಗುಂಪಾಗಿ ಕುಳಿತು ಕೇಳಿ ಚರ್ಚಿಸುವ ಪ್ರಯೋಗವೂ ಆಯಿತು. ನಮ್ಮ ಕಡೆ ಪಂಚಾಯಿತಿಯ ಕಟ್ಟೆಯ ರೇಡಿಯೋ ಸುತ್ತ ನೆರೆಯುತ್ತಿದ್ದವರಿಗೆ ಎಡ ಯಾವುದು, ಬಲ ಯಾವುದು ಎಂಬ ಚಿಂತೆಯೇ ಇರಲಿಲ್ಲ; ಧಾರಣೆ ತಿಳಿದರೆ ಸಾಕು, ಮಳೆಯ ಸುದ್ದಿ ತಿಳಿದರೆ ಸಾಕು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆಯಿತು. ಮಧ್ಯಮ ತರಂಗದ 675ರಲ್ಲಿ ಹೊನ್ನಾಳಿ, ಚನ್ನಗಿರಿ, ಶಿಕಾರಿಪುರಗಳ ಮನೆಗಳಿಗೆಲ್ಲ ತಮ್ಮದೇ ಸೀಮೆಯ ಮಾತು ಕೇಳಿಸಿತು. ಅದೂ ಒಂಟಿ ದನಿ. ಎಫ್.ಎಂ. ಪ್ರಸಾರ ಮದರಾಸಿನಲ್ಲಿ ಮೊದಲಾದದ್ದು 1977ರಲ್ಲಿ, ನಮ್ಮ ಹಳ್ಳಿಗಳನ್ನು ಮುಟ್ಟಿದ್ದು ಮತ್ತೂ ಬಹಳ ವರ್ಷಗಳ ಮೇಲೆ. ಆದುದರಿಂದ ಈ ಸೀಮೆಯಲ್ಲಿ ಯಾರಾದರೂ ಎರಡು ಪೆಟ್ಟಿಗೆ ತಂದರೂ ರೇಡಿಯೋ ಅವೆರಡಕ್ಕೂ ಒಂದೇ ಮಾತನ್ನು ಹಂಚುತ್ತಿತ್ತು. ನನ್ನ ಈ ಭಾಷಣವನ್ನು ಎರಡು ಪೆಟ್ಟಿಗೆಗಳಿಂದ ಕೇಳಿದವರಿಗೆ ಒಂದರಿಂದ ಕೇಳಿದವರಿಗಿಂತ ಹೆಚ್ಚಿನ ಲಾಭವೇನೂ ಆಗದು.

ಎರಡು ದನಿಗಳನ್ನು ಹಳ್ಳಿಗೆ ತಂದದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅದರ ಬೆನ್ನಿಗೆ ಕಥೆ, ಭಜನೆ, ಸಿನಿಮಾ ಹಾಡು, ನಾಟಕ ಎಲ್ಲವೂ ಸುರುಳಿಯಾದುವು. ಕೊಲ್ಲಿ ರಾಷ್ಟ್ರಗಳಿಗೆ ಹೋದವರು ಟೂ-ಇನ್-ಒನ್ ತಂದರು. ಬೆಂಗಳೂರಿನಲ್ಲಿ ಎಲ್ಲರೂ ಎಸ್.ಪಿ. ರೋಡ್ ಎನ್ನುವ ಬೀದಿಯಲ್ಲಿ ಟ್ರಾನ್ಸಿಸ್ಟರು, ಟ್ರಾನ್ಸ್‌ಫಾರ್ಮರು, ಬಿಡಿ ಸ್ಪೀಕರು ಎಲ್ಲ ತೂಕಕ್ಕೆ ಸಿಕ್ಕಂತೆ ಸಿಗುತ್ತಿದ್ದುವು. ಶಿವಮೊಗ್ಗ, ದಾವಣಗೆರೆಗಳ ರೇಡಿಯೋ ರಿಪೇರಿಯವರು ಅವನ್ನು ಜೋಡಿಸಿ ಆಂಪ್ಲಿಫೈಯರು ಮಾಡಿದರು; ಬಡಗಿಗಳು ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿದರು. ಪೆಟ್ಟಿಗೆ ಅಲಂಕಾರಕ್ಕಲ್ಲ. ಶಂಕು ಮುಂದಕ್ಕೆ ಗಾಳಿಯನ್ನು ನೂಕಿದಾಗ ಹಿಂದಿನ ಗಾಳಿ ತೆಳುವಾಗುತ್ತದೆ, ನಡುವೆ ತಡೆಯಿಲ್ಲದಿದ್ದರೆ ಮುಂದಿನದು ಹಿಂದಕ್ಕೆ ಸುತ್ತಿಹೋಗಿ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ, ಮಂದ್ರಸ್ವರ ಸತ್ತುಹೋಗುತ್ತದೆ. ಹಿಂದಿನ ದನಿಯನ್ನು ಬಂಧಿಸಿಡಲು ಪೆಟ್ಟಿಗೆ ಬೇಕು. ಪ್ಲೈವುಡ್ಡಿಗೆ ದುಡ್ಡಿಲ್ಲದವರು ಮಡಕೆಯ ಬಾಯಿಗೆ ಸ್ಪೀಕರನ್ನು ಕೂರಿಸಿದರು. ನಗುವ ಕಾರಣವಿಲ್ಲ, ಬಂಧಿಸುವ ಕೆಲಸವನ್ನು ಮಡಕೆಯೂ ಮಾಡುತ್ತದೆ. ಆದರೆ ಮಡಕೆಗೆ ತನ್ನದೇ ಒಂದು ಸ್ವರವಿದೆ, ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಅದು ಘಟವಾದ್ಯದಂತೆ ತಾನೂ ಗುಮ್ಮೆನ್ನುತ್ತದೆ. ಕೇಳಿದವರು ಬಾಸು ಚೆನ್ನಾಗಿದೆ ಎಂದು ತಲೆದೂಗುತ್ತಿದ್ದರು.

1980ರ ದಶಕದ ನಡುವಿನಲ್ಲಿ ಗೋವಿನಕೋವಿಯ ಬಂಧುವೊಬ್ಬರ ಮನೆಯಲ್ಲಿ ನಾನು ಕೆಲವು ದಿನ ಉಳಿದಿದ್ದೆ. ಹಂಚಿನ ಮನೆ; ಜಗುಲಿ, ಪಡಸಾಲೆ, ನಡುಮನೆ, ಅದರಾಚೆ ಅಡುಗೆಮನೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ಒಂದು ಆಂಪ್ಲಿಫೈಯರು, ಟೇಪ್ ಡೆಕ್ಕು, ಎರಡು ಸ್ಪೀಕರು ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದಿದ್ದ. ಪಕ್ಕದ ಊರಿನಿಂದ ಬಂದ ವೈರಿಂಗಿನವನೊಬ್ಬ ತಂತಿ ಎಳೆದು ಜೋಡಿಸಿಹೋದ. ಹಾಕಿದರೆ ಹಾಡು ಬಂತು, ಆದರೆ ಅದಕ್ಕೆ ಮೈಯಿಲ್ಲ. ಮೃದಂಗದ ಎಡಭಾಗದ ಗುಂಪಿಲ್ಲ. ಹಾಡುವವರು ಎಲ್ಲಿ ನಿಂತಿದ್ದಾರೆಂದು ಹೇಳುವಂತಿಲ್ಲ. ದನಿ ತಲೆಯ ಸುತ್ತ ಸುಳಿದಾಡಿದಂತೆ. ಪೆಟ್ಟಿಗೆ ಕೆಟ್ಟದ್ದೆಂದರು, ಕರೆಂಟು ಕಡಮೆಯೆಂದರು. ಪಾಲಿಟೆಕ್ನಿಕ್ ಓದುತ್ತಿದ್ದ ತಮ್ಮ ಬಂದು ಪೆಟ್ಟಿಗೆಗಳ ಬೆನ್ನು ತಿರುಗಿಸಿ ನೋಡಿದ. ಒಂದಕ್ಕೆ ಕೆಂಪಿನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ತಂತಿ ಹೋಗಿತ್ತು, ಇನ್ನೊಂದಕ್ಕೆ ಅದಲುಬದಲಾಗಿತ್ತು. ಒಂದು ಶಂಕು ಮುಂದಕ್ಕೆ ನೂಕಿದಾಗ ಇನ್ನೊಂದು ಹಿಂದಕ್ಕೆ ಸೇದುತ್ತಿತ್ತು. ಒಂದು ಕೊಟ್ಟ ಮಂದ್ರವನ್ನು ಇನ್ನೊಂದು ನುಂಗುತ್ತಿತ್ತು. ಒಂದೇ ಪೆಟ್ಟಿಗೆಯ ತಂತಿಗಳನ್ನು ಅವನು ತಿರುವುಮುರುವು ಮಾಡಿದ. ಎರಡರದೂ ಮಾಡಿದ್ದರೆ ಮೊದಲಿದ್ದ ಜಗಳವೇ ಮುಂದುವರಿಯುತ್ತಿತ್ತು. ಗುರುತು ಅಳಿಸಿಹೋದ ಸ್ಪೀಕರಿಗೆ ಟಾರ್ಚಿನ ಒಂದು ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ ನೋಡುವುದನ್ನು ನಾನು ಕಲಿತದ್ದೂ ಆ ಹುಡುಗನಿಂದ: ಶಂಕು ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಟೋಪಿ ತಗುಲಿದ ಕಡ್ಡಿಯೇ ಕೆಂಪು.

ಆ ಮೇಲೆ ಹಾಡುವವರು ಪಡಸಾಲೆಯ ಗೋಡೆಯ ನಡುವೆ, ದೇವರ ಪಟದ ಕೆಳಗೆ, ಬಂದು ನಿಂತರು. ಎಲ್ಲರಿಗೂ ಸಂತೋಷವಾಯಿತು, ಮನೆಯ ಅಜ್ಜಿಗೆ ಒಬ್ಬರಿಗೆ ಬಿಟ್ಟು. ಅವರು ನಡುಮನೆಯ ಬಾಗಿಲಲ್ಲಿ ನಿಂತು ಕೇಳಿದರು: “ಎಲ್ಡು ತಂದಿಯಲ್ಲೋ ತಮ್ಮಾ, ಎಲ್ಡೂ ನಿಮ್ಮ ಗಂಡಸ್ರ ಮುಂದೇ ಇಟ್ಕಂಡ್ರೆ ಹೆಂಗೆ? ಒಂದು ಒಳಾಕ್ಕಿರ್ಲಿ.” ಮೊಮ್ಮಗ ಸಮಬಾಹು ತ್ರಿಕೋನವನ್ನು ವಿವರಿಸಿದ. ಅಜ್ಜಿ ಕೇಳಿಸಿಕೊಂಡು, “ಕುರ್ಚಿ ಒಂದೇ ಆದ್ರೆ ಪೆಟ್ಟಿಗೆ ಎಲ್ಡು ಯಾಕಪ್ಪಾ?” ಎಂದರು. ಅದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಒಂದು ಪೆಟ್ಟಿಗೆ ಅಡುಗೆಮನೆಯ ಗೋಡೆಯ ಗೂಡಿಗೆ ಹೋಯಿತು. ಮರುದಿನ ಮತ್ತೆ ದೂರು. ಅಂದಿನ ಸಿನಿಮಾ ಹಾಡುಗಳ ಮುದ್ರಣದಲ್ಲಿ ಎಡಬಲಗಳನ್ನು ಹಂಚುವುದೆಂದರೆ ಅಣ್ಣತಮ್ಮಂದಿರ ಪಾಲು ವಿಭಾಗದಂತೆ. ಗಾಯಕಿ ಪಡಸಾಲೆಯಲ್ಲಿ ಉಳಿದಳು, ಒಳಗಿನವರ ಪಾಲಿಗೆ ಪಿಟೀಲುಗಳೂ ತಬಲವೂ ಬಂದುವು. ರೊಟ್ಟಿ ಬಡಿಯುತ್ತ ಅಜ್ಜಿ ಅರ್ಧ ಹಾಡನ್ನು ಕೇಳಿದರು.

ಈ ಪ್ರಸಂಗವನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಸಮುದಾಯದ ರೇಡಿಯೋ ಹೋಗಿ ಮನೆಮನೆಯ ರೇಡಿಯೋ ಬಂದುದನ್ನು ನಮ್ಮ ಸಮಾಜಶಾಸ್ತ್ರಜ್ಞರು ಬರೆದಿದ್ದಾರೆ. ಮನೆಯ ರೇಡಿಯೋ ಹೋಗಿ ಒಂದು ಕುರ್ಚಿಯ ಸಂಗೀತ ಬಂದಾಗ ಮನೆಯೊಳಗೆ ಯಾರು ಕೇಳುವವರ ಪಟ್ಟಿಯಿಂದ ಹೊರಗುಳಿದರು ಎಂಬುದನ್ನು ಬರೆದವರು ವಿರಳ. ಭದ್ರಾವತಿಯ ಒಂಟಿ ದನಿ ಪಡಸಾಲೆಯಿಂದ ಅಡುಗೆಮನೆಗೆ ಇಡಿಯಾಗಿ ತಲುಪುತ್ತಿತ್ತು. ಕೆಲಸ ಮಾಡುತ್ತ ಕೇಳುವವರಿಗೆ ಘನತೆ ಬೇಡ, ಪೂರ್ಣತೆ ಬೇಕು. ಅಜ್ಜಿಯ ಪ್ರಶ್ನೆಗೆ ಆಂಪ್ಲಿಫೈಯರಿನ ಮುಖದಲ್ಲಿಯೇ ಉತ್ತರವಿತ್ತು: ಮೋನೋ ಎಂದು ಬರೆದ ಚಿಕ್ಕ ಗುಂಡಿ. ಅದನ್ನು ಒತ್ತಿದರೆ ಎಡಬಲಗಳು ಬೆರೆತು ಎರಡು ಪೆಟ್ಟಿಗೆಗಳಿಗೂ ಇಡೀ ಹಾಡು ಹೋಗುತ್ತದೆ. ದುಡ್ಡು ಕೊಟ್ಟು ತಂದ ಸ್ಟೀರಿಯೋವನ್ನು ಮೋನೋ ಮಾಡುವುದು ಮೊಮ್ಮಗನಿಗೆ ಅವಮಾನವೆನಿಸಿತ್ತು. ಕೊನೆಗೆ ಹಗಲು ಮೋನೋ, ರಾತ್ರಿ ಪೆಟ್ಟಿಗೆ ಹೊರಕ್ಕೆ ಬಂದು ಸ್ಟೀರಿಯೋ ಎಂದು ರಾಜಿಯಾಯಿತು. ತಂತಿಯನ್ನು ಉದ್ದವಾಗಿ ಎಳೆದಿದ್ದರಿಂದ ಅದು ಸಾಧ್ಯವಾಯಿತು.

ಪೆಟ್ಟಿಗೆಗಳನ್ನು ಇಡುವ ಬಗೆಯನ್ನು ಕೇಳುವವರಿಗೆ ಎರಡು ಮಾತು. ಮೂಲೆಗೆ ಒತ್ತಿದರೆ ಎರಡು ಗೋಡೆಗಳೂ ನೆಲವೂ ಸೇರಿ ಮಂದ್ರವನ್ನು ಹಿಗ್ಗಿಸುತ್ತವೆ. ಗುಂಪು ಬರುತ್ತದೆ, ಸ್ಪಷ್ಟತೆ ಹೋಗುತ್ತದೆ. ಗೋಡೆಯಿಂದ ಒಂದೆ ರಡು ಅಡಿ ಈಚೆಗಿಟ್ಟು, ಕುಳಿತವನ ಕಿವಿಯ ಮಟ್ಟಕ್ಕೆ ಎತ್ತರಿಸಿದರೆ ಸಾಕು. ನುಣುಪಾದ ಕೆಂಪು ಗಾರೆಯ ನೆಲ, ಬರಿ ಗೋಡೆಯ ಕೋಣೆ ದನಿಯನ್ನು ಚೆಂಡಿನಂತೆ ಪುಟಿಸುತ್ತದೆ. ಸುಗ್ಗಿಯಾದ ಮೇಲೆ ಪಡಸಾಲೆಯಲ್ಲಿ ಭತ್ತದ ಚೀಲಗಳನ್ನು ಒಟ್ಟಿದ್ದಾಗ ಗೋವಿನಕೋವಿಯ ಆ ಮನೆಯಲ್ಲಿ ಹಾಡು ಕೇಳಿದ್ದಷ್ಟು ಹಿತವಾಗಿ ಇನ್ನೆಲ್ಲೂ ಕೇಳಲಿಲ್ಲ. ಚೀಲ ಮಾರಿಹೋದ ವಾರ ಹಾಡು ಮತ್ತೆ ಗದ್ದಲವಾಯಿತು. ಎಂಟು ಓಮಿನ ಎರಡು ಸ್ಪೀಕರುಗಳನ್ನು ಒಂದೇ ಕಡ್ಡಿಗೆ ಅಕ್ಕಪಕ್ಕ ಜೋಡಿಸಿದರೆ ಆಂಪ್ಲಿಫೈಯರಿಗೆ ಅದು ನಾಲ್ಕು ಓಮಿನ ಹೊರೆ. ಮೂರನೆಯದನ್ನೂ ನಾಲ್ಕನೆಯದನ್ನೂ ಸೇರಿಸುತ್ತ ಹೋದವರ ಟ್ರಾನ್ಸಿಸ್ಟರುಗಳು ಗೌರಿ ಹಬ್ಬದ ದಿನವೇ ಸುಟ್ಟವು.

ಇನ್ನು ಹಳೆಯ ತಟ್ಟೆಗಳ ಮಾತು. ಹಿರಿಯರ ಪೆಟ್ಟಿಗೆಯಲ್ಲಿ ಇಂದಿಗೂ 78 ಸುತ್ತಿನ ಅರಗಿನ ತಟ್ಟೆಗಳು ಉಳಿದಿವೆ: ಹರಿಕಥೆ, ನಾಟಕ ಕಂಪನಿಯ ಹಾಡು, ವೀಣೆ. ಇವನ್ನು ಮಕ್ಕಳು ಹೊಸ ಟರ್ನ್‌ಟೇಬಲ್ಲಿನ ಮೇಲಿಟ್ಟು, ಸ್ಟೀರಿಯೋದಲ್ಲಿ ಕೇಳಿ, ಬರಿ ಕರಕರ ಎಂದು ಎಸೆಯುವುದನ್ನು ಕಂಡಿದ್ದೇನೆ. ಎಸೆಯುವ ಮುನ್ನ ಎರಡು ಕೆಲಸ ಮಾಡಬೇಕು. ಹಳೆಯ ಗೀರು ಅಗಲವಾದದ್ದು. ಅದಕ್ಕೆ ಸುಮಾರು 0.003 ಅಂಗುಲದ ಮೊನೆಯ ಸೂಜಿ ಬೇಕು. ಲಾಂಗ್‌ಪ್ಲೇ ತಟ್ಟೆಯ ಸೂಜಿ ಅದರ ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಸಣ್ಣದು, ಗೀರಿನ ತಳದ ಕಸದಲ್ಲಿ ಹೊರಳಾಡುತ್ತದೆ. ಎರಡನೆಯದು ಅದೇ ಮೋನೋ ಗುಂಡಿ. ಹಳೆಯ ತಟ್ಟೆಯಲ್ಲಿ ದನಿಯಿರುವುದು ಗೀರಿನ ಎಡಬಲದ ಓಲಾಟದಲ್ಲಿ ಮಾತ್ರ. ಅದು ಎರಡು ಗೋಡೆಗಳಿಂದಲೂ ಒಂದೇ ಆಗಿ ಬರುತ್ತದೆ. ಸವೆತವೂ ಧೂಳೂ ಸೂಜಿಯನ್ನು ಮೇಲೆ ಕೆಳಗೆ ಕುಣಿಸುತ್ತವೆ. ಆ ಕುಣಿತ ಎಡದಲ್ಲಿ ಮುಂದಕ್ಕೆ ಎಂದಾದರೆ ಬಲದಲ್ಲಿ ಹಿಂದಕ್ಕೆ ಎಂದಾಗುತ್ತದೆ. ಗುಂಡಿ ಒತ್ತಿ ಎರಡನ್ನೂ ಕೂಡಿಸಿದರೆ ದನಿಗೆ ದನಿ ಸೇರುತ್ತದೆ, ಮೇಲುಕೆಳಗಿನ ಕರಕರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಗೋವಿನಕೋವಿಯಲ್ಲಿ ಮೃದಂಗವನ್ನು ನುಂಗಿದ್ದ ವಿರೋಧವೇ ಇಲ್ಲಿ ಕಸವನ್ನು ನುಂಗುತ್ತದೆ. ಕರಕರ ಪೂರ್ತಿ ಹೋಗುವುದಿಲ್ಲ, ಅರ್ಧಕ್ಕಿಳಿಯುತ್ತದೆ. ಮೊದಲು ಕೇಳದಿದ್ದ ತಂಬೂರಿ ಕೇಳುತ್ತದೆ. ಹಾಡು ಮುಗಿದ ಮೇಲೆ ಗೌಹರ್ ಜಾನ್ ಎರಡು ಪೆಟ್ಟಿಗೆಗಳ ನಡುವಿನ ಬರಿದಾದ ಜಾಗದಲ್ಲಿ ನಿಂತು ಹಾನೋವರಿನವರಿಗೆ ತನ್ನ ಹೆಸರು ಹೇಳುತ್ತಾಳೆ.